ಬಿಸಿಲಿನ ತುಟಿಗುಳ್ಳೆಗೆ ಯಾವ ಮುಲಾಮು?



ಸುಗ್ಗಿಯ ಕಾಲದಲ್ಲಿ ಬೆಳಗಿನಿಂದ ಸಂಜೆಯವರೆಗೆ ಹೊಲದಲ್ಲೋ ಕಣದಲ್ಲೋ ದುಡಿದ ಕೆಲವರಿಗೆ, ಎರಡು ಮೂರು ದಿನಗಳಾದ ಮೇಲೆ ತುಟಿಯ ಅಂಚು ಚುರುಚುರು ಎನ್ನತೊಡಗುತ್ತದೆ. ಮರುದಿನ ಅಲ್ಲಿಯೇ ಸಣ್ಣ ನೀರುಗುಳ್ಳೆಗಳು ಗುಂಪಾಗಿ ಏಳುವುದುಂಟು. ಮೈಯಲ್ಲಿ ಉಷ್ಣವಾಗಿದೆ, ಒಳಜ್ವರ ತುಟಿಗೆ ಬಂದಿದೆ ಎಂದು ಹೇಳಿ ಸುಮ್ಮನಾಗುತ್ತೇವೆ. ಆ ಮಾತು ಪೂರ್ತಿ ಸುಳ್ಳಲ್ಲ. ಬಿಸಿಲೂ ಜ್ವರವೂ ಈ ಗುಳ್ಳೆಯನ್ನು ಎಬ್ಬಿಸುತ್ತವೆ. ಆದರೆ ಅದರ ಬೀಜವೇ ಬೇರೆ.

ಆ ಬೀಜ ಹರ್ಪೀಸ್ ಸಿಂಪ್ಲೆಕ್ಸ್ ಎಂಬ ವೈರಾಣು. ಬಹುಮಂದಿಗೆ ಇದು ಚಿಕ್ಕಂದಿನಲ್ಲಿಯೇ ಮುತ್ತಿನಿಂದಲೋ ಎಂಜಲಿನಿಂದಲೋ ತಗಲಿರುತ್ತದೆ. ಪ್ರಪಂಚದಲ್ಲಿ 50 ವರ್ಷದೊಳಗಿನವರಲ್ಲಿ 100ಕ್ಕೆ ಸುಮಾರು 64 ಮಂದಿಯ ದೇಹದಲ್ಲಿ ಇದರ ಒಂದನೆಯ ಬಗೆ ಇದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಆದುದರಿಂದ ಗುಳ್ಳೆ ಎದ್ದವರು ನಾಚಬೇಕಾದುದೇನೂ ಇಲ್ಲ. ಒಮ್ಮೆ ಒಳಹೊಕ್ಕ ವೈರಾಣು ಮುಖದ ನರದ ಗಂಟಿನಲ್ಲಿ ಅಡಗಿ ಜೀವಮಾನವೆಲ್ಲಾ ಅಲ್ಲಿಯೇ ಉಳಿಯುತ್ತದೆ. ಜೇಕಿನ ಕಳೆ ನಿಮಗೆ ತಿಳಿಯದ್ದೇ? ಮೇಲಿನ ಹುಲ್ಲನ್ನು ಎಷ್ಟು ಕಿತ್ತರೂ ನೆಲದೊಳಗೆ ಗಡ್ಡೆ ಇದ್ದೇ ಇರುತ್ತದೆ, ಹದ ಬಂದಾಗ ಮತ್ತೆ ಚಿಗುರುತ್ತದೆ. ಇದೂ ಹಾಗೆಯೇ. ಜ್ವರ, ನೆಗಡಿ, ವಿಪರೀತ ದಣಿವು, ಹೆಂಗಸರಿಗೆ ಮುಟ್ಟಿನ ದಿನಗಳು, ಇವೆಲ್ಲದರ ಜೊತೆಗೆ ಕಡು ಬಿಸಿಲು ಇದಕ್ಕೆ ಹದ. ಗಡ್ಡೆಯನ್ನು ಕೀಳುವ ಔಷಧಿ ಇನ್ನೂ ಇಲ್ಲ. ಹದ ತಪ್ಪಿಸುವುದು ಮಾತ್ರ ನಮ್ಮ ಕೈಯಲ್ಲಿದೆ.

ಬಿಸಿಲಿನ ಪಾತ್ರವನ್ನು ಪರೀಕ್ಷಿಸಿಯೇ ನೋಡಿದ್ದಾರೆ. 1991ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಪದೇ ಪದೇ ಗುಳ್ಳೆಯೇಳುವ 38 ಮಂದಿಯ ತುಟಿಗೆ ದೀಪದಿಂದ ನೇರಳಾತೀತ ಕಿರಣ ಬಿಟ್ಟರು. ಬರಿಯ ಮುಲಾಮು ಹಚ್ಚಿದಾಗ 27 ಮಂದಿಗೆ ಗುಳ್ಳೆ ಎದ್ದಿತು. ಬಿಸಿಲು ತಡೆಯುವ ಮುಲಾಮು ಹಚ್ಚಿದಾಗ ಒಬ್ಬರಿಗೂ ಏಳಲಿಲ್ಲ. ಬಯಲಿನ ಕೆಲಸದಲ್ಲಿ ಫಲ ಇಷ್ಟು ಪೂರ್ಣವಾಗಿರದು, ಏಕೆಂದರೆ ಬೆವರು, ನೀರು, ಊಟ ಎಲ್ಲವೂ ಮುಲಾಮನ್ನು ಒರೆಸಿಬಿಡುತ್ತವೆ. ಆದರೂ ದಾರಿ ಯಾವುದೆಂಬುದು ಸ್ಪಷ್ಟವಾಯಿತು.

ಇನ್ನು ಅಂಗಡಿಗೆ ಹೋಗೋಣ. ಲಿಪ್ ಬಾಮ್ ಎಂದು ಕೇಳಿದರೆ ಬಣ್ಣಬಣ್ಣದ ಹತ್ತು ಡಬ್ಬಿಗಳನ್ನು ಮುಂದಿಡುತ್ತಾರೆ. ಅವುಗಳಲ್ಲಿ ಹೆಚ್ಚಿನವು ತುಟಿ ಒಣಗದಂತೆ ಕಾಪಾಡುವ ಮೇಣ, ಎಣ್ಣೆಗಳಷ್ಟೇ. ನಿಮಗೆ ಬೇಕಾದುದು ಎಸ್.ಪಿ.ಎಫ್. ಎಂಬ ಅಕ್ಷರಗಳೂ ಅದರ ಮುಂದೆ 30 ಅಥವಾ ಅದಕ್ಕೆ ಮೇಲ್ಪಟ್ಟ ಅಂಕಿಯೂ ಇರುವಂಥದು. ಸರಿಯಾಗಿ ದಪ್ಪಕ್ಕೆ ಹಚ್ಚಿದರೆ 30ರದು ತುಟಿ ಸುಡುವ ಕಿರಣಗಳಲ್ಲಿ 100ಕ್ಕೆ ಸುಮಾರು 97 ಪಾಲನ್ನು ತಡೆಯುತ್ತದೆ. 50ರದು ಸುಮಾರು 98. ಆ ಒಂದು ಪಾಲಿಗಾಗಿ ದುಪ್ಪಟ್ಟು ಹಣ ಕೊಡಬೇಕಾಗಿಲ್ಲ. ಚರ್ಮದ ಆಳಕ್ಕಿಳಿಯುವ ಕಿರಣಗಳನ್ನೂ ತಡೆಯುವುದಾದರೆ 'ಬ್ರಾಡ್ ಸ್ಪೆಕ್ಟ್ರಮ್' ಎಂದೋ, ಪಿ.ಎ. ಎಂಬುದರ ಮುಂದೆ ಮೂರು ಕೂಡಿಸುವ ಗುರುತುಗಳೋ ಇರುತ್ತವೆ. ಅಕ್ಷರ ಸಣ್ಣದಾದರೆ ಶಾಲೆಗೆ ಹೋಗುವ ಮಗುವಿನಿಂದ ಓದಿಸಿಕೊಳ್ಳಿ. ಜಿಂಕ್ ಆಕ್ಸೈಡ್ ಅಥವಾ ಟೈಟಾನಿಯಮ್ ಡೈ ಆಕ್ಸೈಡ್ ಇರುವುದು ನವೆ, ಉರಿ ತರುವುದು ಕಡಿಮೆ.

ಕರ್ಪೂರ, ಮೆಂಥಾಲ್, ದಾಲ್ಚಿನ್ನಿ, ಘಾಟು ಪರಿಮಳ ಸೇರಿದ್ದನ್ನು ಬಿಡಿ. ಹಚ್ಚಿದೊಡನೆ ತಣ್ಣಗೆ ಜುಮ್ಮೆನ್ನುವುದರಿಂದ ಗುಣ ಕೊಡುತ್ತಿದೆ ಎನಿಸುತ್ತದೆ. ನಿಜವಾಗಿ ಅದು ಒಡೆದ ತುಟಿಯನ್ನು ಮತ್ತಷ್ಟು ಕೆರಳಿಸಬಹುದು. ಮನೆಯ ಬೆಣ್ಣೆ, ತುಪ್ಪ, ಕೊಬ್ಬರಿ ಎಣ್ಣೆ, ಪೆಟ್ರೋಲಿಯಮ್ ಜೆಲ್ಲಿ ಇವು ರಾತ್ರಿ ಹಚ್ಚಲು ಒಳ್ಳೆಯವೇ, ತುಟಿ ಮೆತ್ತಗಾಗುತ್ತದೆ. ಆದರೆ ಬಿಸಿಲಿಗೆ ಇವು ತಡೆಯಾಗಲಾರವು.

ಹೊಲಕ್ಕೆ ಹೊರಡುವ ಕಾಲು ಗಂಟೆ ಮುಂಚೆ ಹಚ್ಚಿ, ಎರಡು ಗಂಟೆಗೊಮ್ಮೆಯೂ ಊಟವಾದ ಮೇಲೂ ಪುನಃ ಹಚ್ಚಬೇಕು. ಕೆಳತುಟಿಗೆ ಹೆಚ್ಚು ಗಮನವಿರಲಿ, ಆಕಾಶಕ್ಕೆ ಮುಖ ಮಾಡಿರುವುದು ಅದೇ. ಒಣಗಿತೆಂದು ನಾಲಗೆಯಿಂದ ಸವರಿದರೆ ಇನ್ನಷ್ಟು ಒಡೆಯುತ್ತದೆ. ಡಬ್ಬಿಯನ್ನು ಟ್ರ್ಯಾಕ್ಟರಿನ ಮೇಲೆ ಬಿಸಿಲಿಗೆ ಬಿಡಬೇಡಿ.

ಮನೆಮಂದಿಗೆಲ್ಲಾ ಇದನ್ನು ಕೊಳ್ಳಬೇಕೆಂದು ನಾವು ಹೇಳುವುದಿಲ್ಲ. ವರ್ಷಕ್ಕೆ ಹಲವು ಬಾರಿ ಗುಳ್ಳೆ ಏಳುವವರಿಗೂ ದಿನವೆಲ್ಲಾ ಬಯಲಲ್ಲಿರುವವರಿಗೂ ಆ ಖರ್ಚು ಸಾರ್ಥಕ. ಉಳಿದವರು ಅಗಲ ಅಂಚಿನ ಟೊಪ್ಪಿಗೆ ಹಾಕಿಕೊಂಡರೆ ಬಹುಪಾಲು ಸಾಕು. ಮುಂಡಾಸು ತಲೆಯನ್ನು ಕಾಯುತ್ತದೆಯೇ ಹೊರತು ತುಟಿಯ ಮೇಲೆ ನೆರಳು ಹಾಕುವುದಿಲ್ಲ. ಟವೆಲ್ಲಿನ ಒಂದು ತುದಿಯನ್ನು ಬಾಯಿಗೆ ಅಡ್ಡ ಕಟ್ಟಿಕೊಂಡರೆ ಧೂಳಿಗೂ ಆಯಿತು, ಬಿಸಿಲಿಗೂ ಆಯಿತು. ಆದರೆ ಕೊಂಡ ಡಬ್ಬಿ ಮಾತ್ರ ಒಬ್ಬರಿಗೆ ಒಂದೇ ಇರಬೇಕು. ಒಂದೇ ಕಡ್ಡಿಯನ್ನು ಅಣ್ಣತಮ್ಮಂದಿರು ಹಂಚಿಕೊಂಡರೆ ರೋಗವನ್ನೇ ಹಂಚಿಕೊಂಡಂತೆ.

ಗುಳ್ಳೆ ಎದ್ದೇಬಿಟ್ಟರೆ ಸುಣ್ಣ ಹಚ್ಚಬೇಡಿ, ಚುಚ್ಚಬೇಡಿ. ಚುರುಚುರು ಶುರುವಾದೊಡನೆ ಅಸೈಕ್ಲೋವಿರ್ ಮುಲಾಮು ಹಚ್ಚಲಾರಂಭಿಸಿದರೆ ಸ್ವಲ್ಪ ಬೇಗ ಮಾಯಬಹುದು. ಪದೇ ಪದೇ ಬರುವವರಿಗೆ ಮಾತ್ರೆಗಳಿವೆ, ಅವನ್ನು ವೈದ್ಯರೇ ಕೊಡಬೇಕು. ಸಾಮಾನ್ಯವಾಗಿ ಏಳರಿಂದ ಹತ್ತು ದಿನಗಳಲ್ಲಿ ತಾನಾಗಿಯೇ ಮಾಯುತ್ತದೆ. ಅಲ್ಲಿಯವರೆಗೆ ಲೋಟ, ಟವೆಲ್ಲು, ಬೀಡಿ ಹಂಚಿಕೊಳ್ಳಕೂಡದು. ಮುಟ್ಟಿದ ಕೈಯಿಂದ ಕಣ್ಣು ಉಜ್ಜಕೂಡದು, ಕಣ್ಣಿಗೆ ತಗುಲಿದರೆ ದೃಷ್ಟಿಗೇ ಅಪಾಯ. ಎಲ್ಲಕ್ಕಿಂತ ಮುಖ್ಯವಾಗಿ, ಬಾಣಂತಿಯ ಮನೆಗೆ ಹೋದಾಗ ಹಸುಗೂಸಿಗೆ ಮುತ್ತು ಕೊಡಬೇಡಿ. ದೊಡ್ಡವರಿಗೆ ಬರಿಯ ಗುಳ್ಳೆಯಾದುದು ಎಳೆಗೂಸಿನ ಪ್ರಾಣಕ್ಕೇ ಎರವಾಗಬಹುದು. ಅಜ್ಜಿಯೇ ಆಗಲಿ, ಅತ್ತೆಯೇ ಆಗಲಿ, ಈ ಮಾತಿನಲ್ಲಿ ದಾಕ್ಷಿಣ್ಯ ಬೇಡ.

ಕಟವಾಯಿಯಲ್ಲಿ ಮಾತ್ರ ಸೀಳುವ ಹುಣ್ಣು ಸಾಮಾನ್ಯವಾಗಿ ಈ ಜಾತಿಯದಲ್ಲ, ಅದರ ಚಿಕಿತ್ಸೆಯೇ ಬೇರೆ. ಕೆಳತುಟಿಯಲ್ಲಿ ಬಿಳಿ ಮಚ್ಚೆ, ಹೊಪ್ಪಳೆ ಏಳುವ ಒರಟು ಜಾಗ ಅಥವಾ ಗಡಸು ಗಾಯ ಮೂರು ವಾರವಾದರೂ ಮಾಯದಿದ್ದರೆ ಮುಲಾಮು ಹಚ್ಚುತ್ತಾ ಕೂರದೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿ. ಹಲವು ವರ್ಷಗಳ ಬಿಸಿಲಿನಿಂದ ತುಟಿಗೆ ಕ್ಯಾನ್ಸರ್ ತಗಲುವುದುಂಟು. ಬೀಡಿ ಸೇದುವವರೂ ಹೊಗೆಸೊಪ್ಪು ಹಾಕುವವರೂ ಇದನ್ನು ಇನ್ನೂ ಬೇಗ ತೋರಿಸಬೇಕು.