ಮಗುವಿನ ಮೈಯಲ್ಲಿ ಲೋಹವಿದ್ದರೆ ಸಿ.ಟಿ. ಸ್ಕ್ಯಾನ್ ಹೇಗೆ?



ರಾಯಚೂರು, ಬೀದರ್, ಯಾದಗಿರಿ, ಕಲಬುರಗಿ ಕಡೆಯಿಂದ ಮಕ್ಕಳ ಚಿಕಿತ್ಸೆಗೆಂದು ಹೈದರಾಬಾದಿಗೆ ಬರುವವರು ಬಹಳ. ಆಪರೇಷನ್ ಒಂದು ಊರಲ್ಲಿ ಆಗಿ, ಸ್ಕ್ಯಾನ್ ಇಲ್ಲಿ ನಾರಾಯಣಗೂಡದಲ್ಲೋ ಹಿಮಾಯತ್‌ನಗರದಲ್ಲೋ ಆಗುವುದುಂಟು. ಮಗುವಿಗೆ ತೊಡೆಮೂಳೆಯ ಪ್ಲೇಟು, ಬೆನ್ನಿನ ರಾಡು ಅಥವಾ ಕಿವಿಯ ಕಾಕ್ಲಿಯರ್ ಇಂಪ್ಲಾಂಟ್ ಹಾಕಿದ್ದರೆ ಈ ಸ್ಕ್ಯಾನಿಗೆ ಮೊದಲೇ ಸ್ವಲ್ಪ ಸಿದ್ಧತೆ ಬೇಕು.

ಸಿ.ಟಿ. ಯಂತ್ರದಲ್ಲಿ ಎಕ್ಸ್‌ರೇ ಕೊಳವೆ ದೇಹದ ಸುತ್ತ ತಿರುಗುತ್ತದೆ. ಪ್ರತಿ ಕೋನದಿಂದ ಎಷ್ಟು ಕಿರಣ ದಾಟಿ ಬಂತೆಂದು ಅಳೆದು ಕಂಪ್ಯೂಟರ್ ಚಿತ್ರ ಕಟ್ಟುತ್ತದೆ. 1971ರಲ್ಲಿ ಲಂಡನ್ನಿನಲ್ಲಿ ಹೌನ್ಸ್‌ಫೀಲ್ಡ್ ಅವರ ಯಂತ್ರ ಮೊದಲ ರೋಗಿಯ ತಲೆಯ ಚಿತ್ರ ತೆಗೆದಂದಿನಿಂದ ಮೂಲತತ್ವ ಇದೇ. ಲೋಹವೋ ಕಿರಣವನ್ನು ಬಹುಪಾಲು ನುಂಗಿಬಿಡುತ್ತದೆ. ಲೆಕ್ಕ ತಪ್ಪಿ ಚಿತ್ರದ ತುಂಬ ಬಿಳಿ ಗೆರೆ, ಕಪ್ಪು ಪಟ್ಟಿ ಮೂಡುತ್ತವೆ. ಪಕ್ಕದ ಮೂಳೆ, ಮಾಂಸಖಂಡ ಕಾಣುವುದಿಲ್ಲ. ಟೈಟಾನಿಯಂಗಿಂತ ಸ್ಟೀಲಿನಿಂದ ಈ ತೊಂದರೆ ಹೆಚ್ಚು.

ಕಿರಣದ ಪ್ರಮಾಣ ಏರಿಸಿದರೆ ಗೆರೆಗಳು ಸ್ವಲ್ಪ ತಗ್ಗುತ್ತವೆ. ಆದರೆ ಬೆಳೆಯುವ ಮಕ್ಕಳ ಜೀವಕೋಶಗಳಿಗೆ ವಿಕಿರಣ ಹೆಚ್ಚು ತಾಗುತ್ತದೆ. ಬಾಲ್ಯದ ಸಿ.ಟಿ.ಯಿಂದ ರಕ್ತದ ಕ್ಯಾನ್ಸರ್, ಮೆದುಳಿನ ಗಡ್ಡೆಯ ಸಾಧ್ಯತೆ ತುಸು ಏರುತ್ತದೆಂದು 2012ರ ಬ್ರಿಟನ್ನಿನ ಅಧ್ಯಯನ ತೋರಿಸಿತು. ಒಂದೊಂದು ಮಗುವಿಗೆ ಈ ಅಪಾಯ ಬಹಳ ಸಣ್ಣದು. ಅಗತ್ಯವಿರುವ ಸ್ಕ್ಯಾನನ್ನು ಹೆದರಿ ಬಿಡಬಾರದು. ಚಿತ್ರ ಕೆಟ್ಟು ಎರಡನೇ ಸಲ ತೆಗೆಯುವ ಹಾಗೆ ಆಗಬಾರದು, ಅಷ್ಟೆ.

ಅದಕ್ಕೆ ಉಪಾಯಗಳಿವೆ. ತಲೆಯನ್ನು ತುಸು ಓರೆ ಮಾಡಿ ಮಲಗಿಸಿದರೆ ಲೋಹದ ಗೆರೆ ನೋಡಬೇಕಾದ ಜಾಗದಿಂದ ಆಚೆ ಸರಿಯಬಹುದು. ಲೋಹದ ಗೆರೆ ತಗ್ಗಿಸುವ ಸಾಫ್ಟ್‌ವೇರ್ ಹೊಸ ಯಂತ್ರಗಳಲ್ಲಿದೆ. ಎರಡು ಬಗೆಯ ಶಕ್ತಿಯ ಕಿರಣ ಬಳಸುವ ಡ್ಯುಯಲ್ ಎನರ್ಜಿ ಯಂತ್ರಗಳೂ ಇವೆ. ಸಾಫ್ಟ್‌ವೇರ್ ಕೆಲವೊಮ್ಮೆ ಇಲ್ಲದ ನೆರಳನ್ನೂ ಸೃಷ್ಟಿಸುವುದರಿಂದ ವೈದ್ಯರು ಮೂಲ ಚಿತ್ರ, ತಿದ್ದಿದ ಚಿತ್ರ ಎರಡನ್ನೂ ನೋಡಬೇಕು.

ತಂದೆತಾಯಿ ಮಾಡಬೇಕಾದ್ದು:

1. ಇಂಪ್ಲಾಂಟ್ ಕಾರ್ಡು, ಡಿಸ್ಚಾರ್ಜ್ ಸಮರಿ, ಹಳೆಯ ಫಿಲ್ಮು, ಸಿ.ಡಿ. ಊರಲ್ಲಿ ಬಿಟ್ಟು ಬರಬೇಡಿ. ಯಾವ ಲೋಹ, ಎಲ್ಲಿದೆ ಎಂದು ಅಪಾಯಿಂಟ್‌ಮೆಂಟ್ ಪಡೆಯುವಾಗಲೇ ತಿಳಿಸಿ.

2. ಲೋಹದ ಗೆರೆ ತಗ್ಗಿಸುವ ಸೌಲಭ್ಯ ಅಲ್ಲಿದೆಯೇ, ಮಕ್ಕಳಿಗೆ ತಕ್ಕ ಕಡಿಮೆ ಪ್ರಮಾಣ ಇಡುತ್ತಾರೆಯೇ ಎಂದು ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ.

3. ಸ್ಕ್ಯಾನ್ ಆಗುವ ಭಾಗದಲ್ಲಿ ಓಲೆ, ಸರ, ಬಳೆ, ಬೆಳ್ಳಿ ಉಡಿದಾರ, ಕಾಲ್ಗೆಜ್ಜೆ ಇದ್ದರೆ ತೆಗೆಯಿರಿ. ಕಾಕ್ಲಿಯರ್ ಇಂಪ್ಲಾಂಟಿನ ಹೊರಭಾಗವನ್ನೂ ತೆಗೆಯಬೇಕು. ಆಮೇಲೆ ಮಗುವಿಗೆ ಕೇಳಿಸುವುದಿಲ್ಲ. ಅಲ್ಲಾಡದೆ ಮಲಗಬೇಕೆಂದು ಮೊದಲೇ ಹೇಳಿಕೊಡಿ.

4. ಸಾದಾ ಎಕ್ಸ್‌ರೇ ಅಥವಾ ಅಲ್ಟ್ರಾಸೌಂಡ್ ಸಾಕಾಗಬಹುದೇ ಎಂದು ಬರೆದುಕೊಟ್ಟ ವೈದ್ಯರನ್ನು ವಿಚಾರಿಸಿ.

ಸ್ಕ್ಯಾನ್ ಮುಗಿದ ಮೇಲೆ ಸಿ.ಡಿ. ಕೇಳಿ ಪಡೆದು ಜೋಪಾನವಾಗಿಡಿ. ಮುಂದಿನ ವೈದ್ಯರಿಗೆ ಅದನ್ನೇ ತೋರಿಸಿದರೆ ಇನ್ನೊಂದು ಸ್ಕ್ಯಾನ್ ತಪ್ಪಬಹುದು.