ಊಟಿಯ ಚರ್ಚಿನಲ್ಲಿ ಶ್ರೀರಂಗಪಟ್ಟಣದ ತೊಲೆಗಳು

ಊಟಿಗೆ ಹೋದವರು ಕೆರೆಯಲ್ಲಿ ದೋಣಿ ಹತ್ತಿ, ಬೊಟಾನಿಕಲ್ ಗಾರ್ಡನ್ ಸುತ್ತಿ, ಚಾಕೊಲೇಟ್ ಕಟ್ಟಿಸಿಕೊಂಡು ಗೂಡಲೂರಿನ ದಾರಿ ಹಿಡಿಯುತ್ತಾರೆ. ಸೇಂಟ್ ಸ್ಟೀಫನ್ಸ್ ಚರ್ಚಿನ ಮುಂದೆ ಕಾರು ನಿಲ್ಲಿಸುವ ಕನ್ನಡಿಗರು ಕಡಿಮೆ. 1829ರಲ್ಲಿ ಅಡಿಗಲ್ಲು ಬಿದ್ದ ಈ ಚರ್ಚಿನ ತೊಲೆಗಳು ಶ್ರೀರಂಗಪಟ್ಟಣದ ಲಾಲ್ ಮಹಲಿನವು. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ನೀಲಗಿರಿ ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು. ಮೂವತ್ತು ವರ್ಷ ಕಳೆದು ಅವನ ಅರಮನೆಯ ಮರವೂ ಘಟ್ಟ ಹತ್ತಿತು. ಆ ಕಾಲದ ಘಟ್ಟದ ಹಾದಿಯಲ್ಲಿ ಅಷ್ಟು ಭಾರದ ತೊಲೆಗಳನ್ನು ಮೇಲೇರಿಸಿದವರ ಶ್ರಮ ಊಹಿಸಿ.

ಊಟಿಯನ್ನು 'ಕಂಡುಹಿಡಿದವನು' ಜಾನ್ ಸಲಿವನ್ ಎಂದು ಓದುತ್ತೇವೆ. ಈ ಮಾತನ್ನು ನಾನು ಒಪ್ಪಲಾರೆ. ಕೊಯಮತ್ತೂರಿನ ಕಲೆಕ್ಟರಾಗಿದ್ದ ಆತ 1819ರಲ್ಲಿ ಬೆಟ್ಟ ಏರಿದಾಗ ಅಲ್ಲಿ ತೋಡರು ಎಮ್ಮೆ ಮೇಯಿಸುತ್ತಿದ್ದರು, ಕೋತರು ಕಮ್ಮಾರಿಕೆ, ಕುಂಬಾರಿಕೆ ಮಾಡುತ್ತಿದ್ದರು. ಮೈಸೂರು ಸೀಮೆಯಿಂದ ಹಿಂದೆಂದೋ ಹೋಗಿ ನೆಲೆಸಿದ ಬಡಗರು ಹೊಲ ಉಳುತ್ತಿದ್ದರು. ಅವರ ಮಾತು ಇಂದಿಗೂ ನಮ್ಮ ಕಿವಿಗೆ ನೆಂಟರ ಮಾತಿನಂತೆಯೇ ಕೇಳುತ್ತದೆ. ಸಲಿವನ್ ತೋಡರ ನೆಲದಲ್ಲಿ ಸ್ಟೋನ್ ಹೌಸ್ ಕಟ್ಟಿಸಿದ, ತೊರೆಗೆ ಅಡ್ಡಕಟ್ಟೆ ಹಾಕಿಸಿ ಕೆರೆ ಮಾಡಿಸಿದ. ಒಂದು ಮಾತು ಅವನ ಪರವಾಗಿಯೂ ಹೇಳಬೇಕು: ಈ ನೆಲದ ಮೇಲೆ ತೋಡರಿಗೆ ಹಕ್ಕುಂಟು ಎಂದು ಸರ್ಕಾರದೊಡನೆ ವಾದಿಸಿದವನೂ ಅವನೇ. ಅವನ ಹೆಂಡತಿ, ಮಗಳ ಸಮಾಧಿಗಳು ಇದೇ ಚರ್ಚಿನ ಅಂಗಳದಲ್ಲಿವೆ.

ಮುಂದೆ ಬೇಸಿಗೆ ಬಂತೆಂದರೆ ಮದ್ರಾಸ್ ಸರ್ಕಾರವೇ ಕಡತಗಳೊಡನೆ ಇಲ್ಲಿಗೆ ಬರತೊಡಗಿತು. ಮೈಸೂರು ಅರಸರಿಗೆ ಫರ್ನ್‌ಹಿಲ್ ಅರಮನೆ ಬೇಸಿಗೆಯ ಬೀಡಾಯಿತು. ಮೆಟ್ಟುಪಾಳಯದಿಂದ 1899ರಲ್ಲಿ ಕೂನೂರು ತಲುಪಿದ ರೈಲು 1908ರಲ್ಲಿ ಊಟಿಗೆ ಬಂತು. ಕಡಿದಾದ ಏರಿನಲ್ಲಿ ಹಳಿಗಳ ನಡುವಿನ ಹಲ್ಲುಪಟ್ಟಿಯನ್ನು ಎಂಜಿನ್ನಿನ ಹಲ್ಲುಗಾಲಿ ಕಚ್ಚಿಕೊಂಡು ಮೇಲೇರುತ್ತದೆ. 2005ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಷ್ಟರ ನಡುವೆ ತೋಡರ ಹುಲ್ಲುಗಾವಲು ಕರಗಿತು. ಶೋಲಾ ಕಾಡು, ಹುಲ್ಲುಬಯಲು ಇದ್ದಲ್ಲಿ ನೀಲಗಿರಿ ಮರ, ವಾಟಲ್, ಚಹಾ ತೋಟ ಬಂದವು. ಪ್ರವಾಸಿಗರು ಮೆಚ್ಚಿ ಚಿತ್ರ ತೆಗೆಯುವ ಹಸಿರಿನಲ್ಲಿ ಬಹುಪಾಲು ಹೀಗೆ ಹೊರಗಿನಿಂದ ತಂದು ನೆಟ್ಟದ್ದು.

ಮುಂದಿನ ಸಲ ಊಟಿಗೆ ಹೋದಾಗ ಆ ಚರ್ಚಿನೊಳಗೆ ಹೋಗಿ, ತಲೆಯೆತ್ತಿ ತೊಲೆಗಳನ್ನು ನೋಡಿ. ಅವು ಎಲ್ಲಿಂದ ಬಂದವೆಂದು ಜೊತೆಗಿರುವ ಮಕ್ಕಳಿಗೆ ಹೇಳಿ.