ಮಿದುಳಿನ ಗೆಡ್ಡೆಯ ಚಿಕಿತ್ಸೆಯಿಂದ ಶಾಲೆಗೆ ಮರಳಿದ ಮಗು

ಮಿದುಳಿನ ಗೆಡ್ಡೆಗೆ ಶಸ್ತ್ರಚಿಕಿತ್ಸೆ, ವಿಕಿರಣ ಚಿಕಿತ್ಸೆಗಳನ್ನು ಮುಗಿಸಿಕೊಂಡು ಊರಿಗೆ ಬಂದ ಬಾಲಕನನ್ನು ನೋಡಲು ಹೋದವರೆಲ್ಲರೂ ಕೇಳುವುದು ‘ಪೂರ್ಣ ಗುಣವಾಯಿತೆ?’ ಎಂಬ ಪ್ರಶ್ನೆಯನ್ನೇ. ಅದಕ್ಕೆ ಒಂದೇ ಮಾತಿನ ಉತ್ತರವಿಲ್ಲ. ಗೆಡ್ಡೆ ಮರಳಿ ಬೆಳೆಯಬಹುದಾದುದರಿಂದ ಸಾಮಾನ್ಯವಾಗಿ ಮೊದಲು ಕೆಲವು ತಿಂಗಳಿಗೊಮ್ಮೆ, ಅನಂತರ ವರ್ಷಕ್ಕೊಮ್ಮೆ ಎಂ.ಆರ್.ಐ. ಪರೀಕ್ಷೆ ನಡೆಯುತ್ತದೆ. ಸಿಂಧನೂರು, ಮಸ್ಕಿ, ಲಿಂಗಸುಗೂರುಗಳಿಂದ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಸಂಸ್ಥೆಗೋ (1973) ನಿಮ್ಹಾನ್ಸ್ ಸಂಸ್ಥೆಗೋ (1974) ಹೋಗಬೇಕಾದರೆ ದಾರಿ ಹೆಚ್ಚುಕಡಿಮೆ 400 ಕಿಲೋಮೀಟರು. ಎಡದಂಡೆ ಕಾಲುವೆಯ ಭತ್ತ ಕೊಯ್ಲಿಗೆ ಬಂದಿರುವಾಗ ‘ಹುಡುಗ ಚೆನ್ನಾಗಿಯೇ ಇದ್ದಾನಲ್ಲ’ ಎಂದು ಪ್ರಯಾಣವನ್ನು ಮುಂದೂಡುವುದು ಸಹಜವೇ. ಆದರೆ ಮರಳಿದ ಗೆಡ್ಡೆ ಎಷ್ಟೋ ಸಲ ಯಾವ ಲಕ್ಷಣವನ್ನೂ ತೋರುವ ಮೊದಲೇ ಆ ಚಿತ್ರದಲ್ಲಿ ಕಾಣಿಸುತ್ತದೆ. ಚೆನ್ನಾಗಿರುವಾಗಲೇ ಹೋಗಬೇಕಾದುದು ಅದಕ್ಕಾಗಿಯೇ.

ಅಧ್ಯಾಪಕರು ವಿಶೇಷವಾಗಿ ಅರಿಯಬೇಕಾದ ಸಂಗತಿ ಮತ್ತೊಂದುಂಟು. ಮಿದುಳಿನ ಒಂದೆಡೆಯಿಂದ ಇನ್ನೊಂದೆಡೆಗೆ ಸಂದೇಶವನ್ನೊಯ್ಯುವ ಬಿಳಿಯ ತಂತುಗಳು ಎಳೆಯ ವಯಸ್ಸಿನಲ್ಲಿ ವಿಕಿರಣದಿಂದ ಘಾಸಿಗೊಳ್ಳುತ್ತವೆ. ಇದರ ಪರಿಣಾಮ ಕೂಡಲೇ ಕಾಣದೆ, ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಕಳೆದ ಮೇಲೆ ತೋರಬಹುದು. ಮಗ್ಗಿ ಬಲ್ಲ ಮಗುವೇ ಉತ್ತರಕ್ಕೆ ತಡವರಿಸುತ್ತದೆ. ಅದು ಎರಡು ಸಾಲು ಬರೆದುಕೊಳ್ಳುವಷ್ಟರಲ್ಲಿ ಗುರುಗಳು ಕರಿಹಲಗೆಯನ್ನು ಒರೆಸಿಬಿಟ್ಟಿರುತ್ತಾರೆ. ಇದು ಸೋಮಾರಿತನವಲ್ಲ. ಬುದ್ಧಿಯಿದೆ, ವೇಗ ಕುಂದಿದೆ. ಇವೆರಡನ್ನೂ ಒಂದೆಂದೇ ಎಣಿಸುವುದು ಪರೀಕ್ಷಾಪದ್ಧತಿಯ ಹಳೆಯ ದೋಷ. ಉತ್ತರಿಸಲು ಹೆಚ್ಚು ಕಾಲ, ಮುಂದಿನ ಸಾಲಿನಲ್ಲಿ ಸ್ಥಾನ, ಮಧ್ಯಾಹ್ನ ಅರ್ಧ ಗಂಟೆಯ ವಿಶ್ರಾಂತಿ—ಇಷ್ಟಕ್ಕೆ ಸಂಸ್ಥೆಗೆ ವೆಚ್ಚವೇನೂ ತಗುಲದು. ಗೆಡ್ಡೆ ಕಿರುಮಿದುಳಿನಲ್ಲಿದ್ದಿದ್ದರೆ ಅಕ್ಷರ ನಡುಗಬಹುದು, ನಡಿಗೆ ತೂಗಾಡಬಹುದು. ಕೆಲವು ಔಷಧಗಳಿಂದ ಕಿವಿ ಮಂದವಾಗುವುದೂ ಉಂಟು. ಪಿಟ್ಯುಟರಿ ಗ್ರಂಥಿಗೆ ವಿಕಿರಣ ತಗುಲಿದ್ದರೆ ದೇಹದ ಬೆಳವಣಿಗೆ ಕುಂಠಿತವಾದೀತು. ಆರು ತಿಂಗಳಿಗೊಮ್ಮೆ ಮಗುವಿನ ಎತ್ತರವನ್ನು ಅಳೆದು ಬರೆದಿಟ್ಟರೆ ವೈದ್ಯರಿಗೆ ಅದೊಂದು ದೊಡ್ಡ ಉಪಕಾರ.

ಕೆಲವರಿಗೆ ಅಪಸ್ಮಾರ, ಅಂದರೆ ಜನರು ‘ಫಿಟ್ಸ್’ ಎನ್ನುವ ಬಾಧೆ, ಉಳಿದುಬಿಡುತ್ತದೆ. ಉಪವಾಸವೆಂದು ಮಾತ್ರೆ ಬಿಡುವುದು, ಆರು ತಿಂಗಳಿಂದ ಬಂದಿಲ್ಲವೆಂದು ತಾವೇ ನಿಲ್ಲಿಸುವುದು ಅಪಾಯಕರ. ರಾತ್ರಿಯ ಬಸ್ಸಿನಲ್ಲಿ ನಿದ್ದೆಗೆಟ್ಟರೂ ಬಾಧೆ ಮರುಕಳಿಸಬಹುದು. ಆಗ ಕೈಗೆ ಬೀಗದಕೈ ಕೊಡದೆ, ಬಾಯಿಗೆ ಏನನ್ನೂ ತುರುಕದೆ, ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು; 5 ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯಬೇಕು.

ಮುಂಜಾನೆಯ ತಲೆನೋವು, ವಾಂತಿ, ಮಂಜಾಗುವ ದೃಷ್ಟಿ, ಹೊಸದಾಗಿ ಕಾಣುವ ಕೈಕಾಲಿನ ನಿಶ್ಶಕ್ತಿ—ಇವು ತೋರಿದರೆ ಚೀಟಿಯಲ್ಲಿ ಬರೆದ ಮುಂದಿನ ತಾರೀಖಿಗಾಗಿ ಕಾಯಲಾಗದು. ಹೊರಡುವಾಗ ಬಿಡುಗಡೆಯ ಪತ್ರವನ್ನೂ ಹಳೆಯ ಚಿತ್ರಗಳನ್ನೂ ಒಂದೇ ಚೀಲದಲ್ಲಿ ಕೊಂಡೊಯ್ಯಬೇಕು. ಹಳೆಯ ಚಿತ್ರದೊಡನೆ ಹೋಲಿಸದೆ ಹೊಸದರ ಅರ್ಥ ತಿಳಿಯುವುದು ಕಷ್ಟ.